ಎಂಟನೆಯ ಭಾಷೆ ಯಾವುದು? ಗಡಿನಾಡಿನಲ್ಲಿ ಸಮಾಜಕಾರ್ಯ ಕಲಿಸುವವರಿಗೆ ಒಂದು ಮಾರ್ಗದರ್ಶಿ

ಕಾಸರಗೋಡಿನಲ್ಲಿ ಯಾವ ಸಭೆಗೆ ಹೋದರೂ ಸ್ವಾಗತ ಭಾಷಣದಲ್ಲಿ ‘ಸಪ್ತಭಾಷಾ ಸಂಗಮ ಭೂಮಿ’ ಎಂಬ ಮಾತು ಬಂದೇ ಬರುತ್ತದೆ. ಚಪ್ಪಾಳೆಯೂ ಬೀಳುತ್ತದೆ. ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ) ವಿದ್ಯಾರ್ಥಿಗಳಿಗೆ ವೈವಿಧ್ಯ, ಸಾಮಾಜಿಕ ನ್ಯಾಯ ಎಂದು ಪಾಠ ಮಾಡಲು ಹೊರಟವರಿಗೆ ಆ ಚಪ್ಪಾಳೆಯೇ ಮೊದಲ ತೊಡಕು. ಬೇರೆ ಊರಿನ ಮಕ್ಕಳಿಗೆ ವೈವಿಧ್ಯ ಎಂದರೇನೆಂದು ತೋರಿಸಿಕೊಡಬೇಕಾಗುತ್ತದೆ. ನಮ್ಮ ಮಕ್ಕಳಿಗೆ ಅದು ಬಾಯಿಪಾಠ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಪಕ್ಕದ ಅಂಗಡಿಯಲ್ಲಿ ಬ್ಯಾರಿ. “ನಮ್ಮಲ್ಲಿ ಭೇದಭಾವ ಇಲ್ಲ ಟೀಚರ್, ಎಲ್ಲರೂ ಒಟ್ಟಿಗೇ ಇರುವುದು” ಎಂದು ಮೊದಲ ದಿನವೇ ಹೇಳಿ ಮುಗಿಸುತ್ತಾರೆ.

ಒಟ್ಟಿಗೆ ಇರುವುದು ನಿಜ. ಆದರೆ ಯಾರು ಯಾರ ಭಾಷೆ ಕಲಿತುಕೊಂಡು ಒಟ್ಟಿಗೆ ಇದ್ದಾರೆ? ಈ ಒಂದು ಪ್ರಶ್ನೆಯ ಹಿಂದೆ ಹೋದರೆ ಒಂದು ಸೆಮಿಸ್ಟರಿಗಾಗುವಷ್ಟು ಪಾಠ ಸಿಗುತ್ತದೆ. ಸಮಾಜಕಾರ್ಯದ ಜಾಗತಿಕ ವ್ಯಾಖ್ಯೆ 2014ರಲ್ಲಿ ಪರಿಷ್ಕರಣೆಯಾದಾಗ ಸಾಮಾಜಿಕ ನ್ಯಾಯ, ಮಾನವ ಹಕ್ಕು, ಸಾಮೂಹಿಕ ಹೊಣೆ, ವೈವಿಧ್ಯಗಳಿಗೆ ಗೌರವ ಈ ನಾಲ್ಕನ್ನೂ ಒಂದೇ ವಾಕ್ಯದಲ್ಲಿ ಇಟ್ಟರು. ನಾವು ಪಠ್ಯಕ್ರಮ ಮಾಡುವಾಗ ಅದನ್ನು ಕತ್ತರಿಸಿ, ವೈವಿಧ್ಯಕ್ಕೊಂದು ಯೂನಿಟ್, ನ್ಯಾಯಕ್ಕೊಂದು ಯೂನಿಟ್ ಮಾಡಿದೆವು. ಮೊದಲನೆಯದರಲ್ಲಿ ಹಬ್ಬ, ಉಡುಪು, ಆಹಾರ. ಎರಡನೆಯದರಲ್ಲಿ ಕಾಯ್ದೆಗಳ ಪಟ್ಟಿ. ಎರಡೂ ಪರೀಕ್ಷೆಗೆ ಆಗುತ್ತವೆ, ಫೀಲ್ಡಿಗೆ ಆಗುವುದಿಲ್ಲ.

ನಾನು ಹಲವು ವರ್ಷ ಮಾಡಿ, ಕೆಲವು ಕಡೆ ಎಡವಿ, ಉಳಿಸಿಕೊಂಡ ಕ್ರಮ ಮುಂದಿದೆ. ಕಾಲೇಜಿನ ಅಧ್ಯಾಪಕರಿಗೂ ಸಂಸ್ಥೆಗಳಲ್ಲಿ ಫೀಲ್ಡ್ ವರ್ಕ್ ನೋಡಿಕೊಳ್ಳುವವರಿಗೂ ಇದು ಉಪಯೋಗವಾಗಬಹುದು.

1. ಏಳನ್ನು ಎಣಿಸಿ, ಎಂಟನೆಯದನ್ನು ಕೇಳಿ

ಮೊದಲ ತರಗತಿಗೆ ಸೀಮೆಸುಣ್ಣ ಒಂದಿದ್ದರೆ ಸಾಕು. ಸಪ್ತಭಾಷೆಗಳು ಯಾವುವು ಎಂದು ಕೇಳಿ. ಕನ್ನಡ, ಮಲಯಾಳ, ತುಳು, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಂದು ಬೋರ್ಡು ತುಂಬುತ್ತದೆ. ಈಗ ಎಂಟನೆಯದು ಯಾವುದು ಎಂದು ಕೇಳಿ ಸುಮ್ಮನೆ ನಿಲ್ಲಿ. ಯಾರೋ ಹವ್ಯಕ ಎನ್ನುತ್ತಾರೆ, ಅದು ಕನ್ನಡವೇ ಅಲ್ಲವೇ ಎಂದು ಹಿಂದಿನ ಬೆಂಚು ಜಗಳಕ್ಕೆ ಬರುತ್ತದೆ. ಇನ್ನೊಬ್ಬರು ಕರಾಡ ಬ್ರಾಹ್ಮಣರ ಮನೆಮಾತಾದ ಕರಾಡ ಎನ್ನುತ್ತಾರೆ. ಕೊರಗ ಬುಡಕಟ್ಟಿನವರಿಗೆ ತಮ್ಮದೇ ಭಾಷೆ ಇದೆ ಎನ್ನುವುದು ಹೊಳೆಯಲು ಸಮಯ ಹಿಡಿಯುತ್ತದೆ. ಕೆಲವು ವರ್ಷ ಹೊಳೆದದ್ದೇ ಇಲ್ಲ.

ಮಂಜೇಶ್ವರ ಕಡೆಯ ಕೊರಗರು ಮನೆಯಲ್ಲಿ ತಮ್ಮ ಭಾಷೆ, ಹೊರಗೆ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಆಡುತ್ತಾರೆ. ನಾಲ್ಕು ಭಾಷೆ ಗೊತ್ತಿರುವವರನ್ನು ಬೇರೆ ಕಡೆ ಪಂಡಿತರು ಎನ್ನುತ್ತಾರೆ. ಇವರನ್ನು ‘ವಿಶೇಷ ದುರ್ಬಲ ಬುಡಕಟ್ಟು’ ಎಂಬ ಪಟ್ಟಿಯಲ್ಲಿ ಇಟ್ಟಿದ್ದೇವೆ. ಕೇರಳದಲ್ಲಿ ಆ ಪಟ್ಟಿಯಲ್ಲಿರುವ ಐದು ಸಮುದಾಯಗಳಲ್ಲಿ ಕೊರಗರೂ ಒಂದು. ಅವರ ಭಾಷೆ ಕಲಿತ ತಹಶೀಲ್ದಾರರನ್ನಾಗಲಿ ಮಾಷ್ಟ್ರನ್ನಾಗಲಿ ನಾನು ಇದುವರೆಗೆ ಕಂಡಿಲ್ಲ. ನನಗೂ ಬರುವುದಿಲ್ಲ. ಅದನ್ನು ತರಗತಿಯಲ್ಲೇ ಹೇಳಿಬಿಡುವುದು ಒಳ್ಳೆಯದು.

ಆ ದಿನ ಇನ್ನೇನೂ ಕಲಿಸಬೇಡಿ. ಬೋರ್ಡಿನ ಮೇಲಿನ ಪಟ್ಟಿಯನ್ನು ನೋಟ್ಸಿಗೆ ಬರೆದುಕೊಳ್ಳಲಿ, ಎಂಟನೆಯ ಸಾಲಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇರಲಿ.

2. ಸ್ವಂತ ಮನೆಯ ನಕ್ಷೆ

ಎರಡನೆಯ ವಾರ ಪ್ರತಿಯೊಬ್ಬರೂ ತಮ್ಮ ಮನೆಯ ನಕ್ಷೆ ಬರೆಯಲಿ. ಗೇಟು, ಅಂಗಳ, ಜಗಲಿ, ಚಾವಡಿ, ಅಡುಗೆಮನೆ, ಬಾವಿಕಟ್ಟೆ, ಹಿತ್ತಿಲು. ಫ್ಲ್ಯಾಟಿನವರು ಲಿಫ್ಟಿನಿಂದ ಶುರು ಮಾಡಲಿ. ಆಮೇಲೆ ಮನೆಗೆ ಬಂದುಹೋಗುವ ಹತ್ತು ಮಂದಿಯನ್ನು ನೆನೆದು, ಅವರವರು ನಿಲ್ಲುವ ಜಾಗದಲ್ಲಿ ಚುಕ್ಕೆ ಇಡಬೇಕು. ಅಡಕೆ ಕೊಯ್ಯುವವರು, ಮೀನಿನವರು, ಬುಟ್ಟಿ ಮಾರಲು ಬರುವ ಹೆಂಗಸು, ಪುರೋಹಿತರು, ಮದ್ರಸದ ಉಸ್ತಾದರು, ಲೈನ್‌ಮ್ಯಾನ್, ಅಪ್ಪನ ಗೆಳೆಯರು, ಬಂಗಾಳದಿಂದಲೋ ಅಸ್ಸಾಮಿನಿಂದಲೋ ಬಂದ ಕೆಲಸದವರು. ಚಾ ಕೊಡುವ ಲೋಟ ಯಾವುದು, ಆ ಲೋಟವನ್ನು ತೊಳೆಯುವವರು ಯಾರು ಎಂಬುದನ್ನೂ ಪಕ್ಕದಲ್ಲಿ ಬರೆಯಲಿ. ಮನೆಯ ಹೆಂಗಸರ ಚುಕ್ಕೆ ಎಲ್ಲೆಲ್ಲಿ, ಯಾವ ದಿನಗಳಲ್ಲಿ ಜಾಗ ಬದಲಾಗುತ್ತದೆ ಎಂಬುದನ್ನು ಸೇರಿಸಲು ನೆನಪಿಸಿ. ಹುಡುಗರು ಅದನ್ನು ಮರೆಯುತ್ತಾರೆ.

ಹಾಳೆಯನ್ನು ಯಾರಿಗೂ ತೋರಿಸಬೇಕಾಗಿಲ್ಲ. ಈ ಷರತ್ತನ್ನು ಮುರಿಯಲೇಬೇಡಿ. ‘ಭೇದ ಇಲ್ಲ ಟೀಚರ್’ ಎಂದವರು ಅರ್ಧ ಗಂಟೆಯಲ್ಲಿ ಮೌನವಾಗುತ್ತಾರೆ. ಅವರನ್ನು ಮಾತಾಡಿಸಲು ಹೋಗಿ ಆ ಮೌನ ಕೆಡಿಸಬೇಡಿ.

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ತರಗತಿಯಲ್ಲಿದ್ದ ಒಬ್ಬಳೇ ಒಬ್ಬ ದಲಿತ ವಿದ್ಯಾರ್ಥಿನಿಗೆ “ನಿನ್ನ ಅನುಭವ ಹೇಳಮ್ಮ, ಇವರಿಗೆಲ್ಲ ಗೊತ್ತಾಗಲಿ” ಎಂದೆ. ಅವಳು ಹೇಳಿದಳು, ಚೆನ್ನಾಗಿಯೇ ಹೇಳಿದಳು. ಉಳಿದವರ ಕಣ್ಣಲ್ಲಿ ನೀರು ಬಂತು. ಪಾಠ ಸಾರ್ಥಕವಾಯಿತೆಂದು ನಾನು ಬೀಗಿದೆ. ಮರುದಿನದಿಂದ ಒಂದು ವಾರ ಅವಳು ಬರಲಿಲ್ಲ. ಬಂದ ಮೇಲೆ ವರಾಂಡದಲ್ಲಿ ನಿಂತು, “ಟೀಚರ್, ಆ ದಿನದವರೆಗೆ ನಾನು ಇವರ ಕ್ಲಾಸ್‌ಮೇಟ್ ಆಗಿದ್ದೆ” ಎಂದಳು. ಅಷ್ಟೇ. ಉಳಿದವರಿಗೆ ಕಲಿಸಲು ಅವಳನ್ನು ಪಠ್ಯಪುಸ್ತಕ ಮಾಡಿದ್ದೆ. ನಕ್ಷೆಯ ಅಭ್ಯಾಸ ನನಗೆ ಹೊಳೆದದ್ದು ಆಮೇಲೆ. ಅದರಲ್ಲಿ ಉತ್ತರ ಕೊಡಬೇಕಾದವರು ಅಂಗಳದಲ್ಲಿ ನಿಂತವರಲ್ಲ, ಚಾವಡಿಯಲ್ಲಿ ಕೂತವರು.

ನಕ್ಷೆ ಬರೆದ ಕೆಲವರಿಗೆ ಅಪರಾಧಿ ಭಾವ ಬರುತ್ತದೆ. ಅದನ್ನು ಹೆಚ್ಚು ಉಪಚರಿಸಬೇಡಿ. ಕುದ್ಮುಲ್ ರಂಗರಾಯರ ಬಗ್ಗೆ ಎರಡು ಮಾತು ಹೇಳಿ. 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಮಂಗಳೂರಿನಲ್ಲಿ ವಕೀಲರಾಗಿ, ದಲಿತ ಮಕ್ಕಳಿಗೆ ಶಾಲೆ ತೆರೆದು, ಜಾತಿಯವರ ಬಹಿಷ್ಕಾರ ಉಂಡವರು. ಚಾವಡಿಯಲ್ಲಿ ಹುಟ್ಟಿದವರಿಗೆ ಏನು ಮಾಡಲು ಸಾಧ್ಯ ಎಂಬ ಪ್ರಶ್ನೆಗೆ ನಮ್ಮ ಊರಿನಲ್ಲೇ ಒಂದು ಉತ್ತರ ಇದೆ. ಹಾಗೆಂದು ಅವರ ಭಾವಚಿತ್ರಕ್ಕೆ ಹಾರ ಹಾಕಿಸಿ ವಿಷಯ ಮುಗಿಸಬೇಡಿ. ಆ ಶಾಲೆಯಲ್ಲಿ ಕಲಿತವರು ಬರೆದಿಟ್ಟದ್ದು ನಮಗೆ ಎಷ್ಟು ಸಿಕ್ಕಿದೆ ಎಂದೂ ಕೇಳಿ.

3. ‘ಈ’ ಮತ್ತು ‘ಈರ್’

ತುಳುವಿನಲ್ಲಿ ‘ಈ’ ಎಂದರೆ ನೀನು, ‘ಈರ್’ ಎಂದರೆ ನೀವು. ವಾರವಿಡೀ ಕಿವಿ ತೆರೆದಿಡಲು ಹೇಳಿ. ಪೇಟೆಯ ಅಂಗಡಿ, ಆರೋಗ್ಯ ಕೇಂದ್ರದ ಚೀಟಿ ಕೌಂಟರ್, ಬಸ್ಸು, ದೇವಸ್ಥಾನದ ಅಂಗಳ. ಯಾರಿಗೆ ಯಾರು ಏಕವಚನ ಬಳಸಿದರು? ವಯಸ್ಸೆಷ್ಟು? ತಿರುಗಿ ಏನು ಸಂಬೋಧನೆ ಬಂತು? ಎರಡು ಕಾಲಮ್ಮಿನ ಸಣ್ಣ ಪಟ್ಟಿ ಸಾಕು. ಎಪ್ಪತ್ತು ದಾಟಿದ ಅಜ್ಜನಿಗೆ ಇಪ್ಪತ್ತರ ಹುಡುಗ ‘ಈ’ ಎನ್ನುವುದನ್ನು, ಅಜ್ಜ ಅವನಿಗೆ ‘ಈರ್’ ಎನ್ನುವುದನ್ನು ನಮ್ಮ ಮಕ್ಕಳು ಹುಟ್ಟಿದಾಗಿನಿಂದ ಕೇಳಿದ್ದಾರೆ, ಗಮನಿಸಿರುವುದಿಲ್ಲ. ಕನ್ನಡದ ನೀನು-ನೀವು ಕೂಡ ಹೀಗೇ. ಪುಸ್ತಕದಲ್ಲಿ ಶ್ರೇಣೀಕರಣ ಎಂದು ಮೂರು ಪುಟ ಓದುವುದಕ್ಕಿಂತ ಈ ಪಟ್ಟಿಯಲ್ಲಿ ಹೆಚ್ಚು ಸಿಗುತ್ತದೆ.

ಬಲೆಗೆ ಬೀಳುವ ಇನ್ನೊಂದು ಪದ ‘ಕಾಲನಿ’. ಪರಿಶಿಷ್ಟ ಜಾತಿ, ವರ್ಗದವರ ವಸತಿಗಳಿಗೆ ಈ ಹೆಸರು ಬೇಡವೆಂದು ಕೇರಳ ಸರ್ಕಾರ 2024ರ ಜೂನ್‌ನಲ್ಲಿ ಆದೇಶ ಹೊರಡಿಸಿತು. ನಗರ, ಉನ್ನತಿ, ಪ್ರಕೃತಿ ಎಂಬಂಥ ಹೆಸರುಗಳನ್ನು ಸೂಚಿಸಿತು. ಬೋರ್ಡು ಬದಲಾದ ಕಡೆ ಆಟೊದವರು ದಾರಿ ಹೇಗೆ ಹೇಳುತ್ತಾರೆ ಎಂದು ಕೇಳಿಕೊಂಡು ಬರಲಿ. ವಿದ್ಯಾರ್ಥಿಗಳ ರೆಕಾರ್ಡಿನಲ್ಲಿ ಯಾವ ಹೆಸರಿದೆ ಎಂಬುದನ್ನೂ ನೋಡಿ. ನನ್ನ ಮೇಜಿನ ಮೇಲಿನ ಹಳೆಯ ಫೈಲಿನ ಬೆನ್ನಿನಲ್ಲಿ ನನ್ನದೇ ಅಕ್ಷರದಲ್ಲಿ ‘ಕಾಲನಿ ವಿಸಿಟ್’ ಎಂದಿತ್ತು.

4. ಒಂದು ಕಾಗದದ ಹಿಂದೆ ಹೋಗಿ

ಇದು ಇಡೀ ಕ್ರಮದ ಬೆನ್ನೆಲುಬು, ಅವಸರ ಮಾಡಬೇಡಿ. ಮೂರು ವಾರ ಬೇಕು.

ಇಬ್ಬಿಬ್ಬರ ಜೋಡಿ ಮಾಡಿ. ಪ್ರತಿ ಜೋಡಿ ಒಂದು ಕುಟುಂಬದ ಒಪ್ಪಿಗೆ ಪಡೆದು, ಅವರಿಗೆ ನಿಜವಾಗಿ ಬೇಕಾಗಿರುವ ಒಂದು ಕಾಗದದ ಜೊತೆ ಹೋಗಬೇಕು. ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಅಂಗವೈಕಲ್ಯದ ಪ್ರಮಾಣಪತ್ರ, ರೇಶನ್ ಕಾರ್ಡಿನ ತಿದ್ದುಪಡಿ, ಯಾವುದಾದರೂ ಸರಿ. ಬಡವರ ವೇಷ ಹಾಕಿ ಕಚೇರಿಗೆ ಹೋಗಿ ‘ಪರೀಕ್ಷೆ’ ಮಾಡುವುದು ಬೇಡ, ಅದು ನಾಟಕ. ಕುಟುಂಬದವರ ಪರವಾಗಿ ಅರ್ಜಿ ತುಂಬುವುದೂ ಬೇಡ. ಜೊತೆಗೆ ನಡೆದು, ನೋಡಿ, ಬರೆದುಕೊಳ್ಳುವುದಷ್ಟೇ ಕೆಲಸ. ಕೇಳಿದರೆ ಮಾತ್ರ ಸಹಾಯ.

ಬರೆದುಕೊಳ್ಳಬೇಕಾದದ್ದು ಇಷ್ಟು. ಮನೆಯಿಂದ ಅಕ್ಷಯ ಕೇಂದ್ರಕ್ಕೆ (ಆನ್‌ಲೈನ್ ಅರ್ಜಿ ಹಾಕುವ ಸೇವಾ ಕೇಂದ್ರ) ಬಸ್ಸೆಷ್ಟು, ಖರ್ಚೆಷ್ಟು. ಅಲ್ಲಿಂದ ವಿಲ್ಲೇಜ್ ಆಫೀಸಿಗೆ ಎಷ್ಟು ಸಲ ಹೋಗಬೇಕಾಯಿತು. ಪರಿಶಿಷ್ಟ ಜಾತಿ, ವರ್ಗದ ಪ್ರಮಾಣಪತ್ರವಾದರೆ ತಹಶೀಲ್ದಾರರದ್ದು ಬೇಕು. ಪೆರ್ಲದ ಆಚೆಯ ಗುಡ್ಡದಲ್ಲಿರುವವರಿಗೆ ಉಪ್ಪಳದ ತಾಲೂಕು ಕಚೇರಿ ಎಂದರೆ ಒಂದು ದಿನದ ಸಂಬಳ ಹೋದಂತೆ. ಅರ್ಜಿ ಯಾವ ಭಾಷೆಯಲ್ಲಿತ್ತು, ಓದಿ ಹೇಳಿದವರು ಯಾರು, ಉತ್ತರ ಯಾವ ಭಾಷೆಯಲ್ಲಿ ಬಂತು. ಹೆಸರನ್ನು ಕನ್ನಡದಿಂದ ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಬರೆಯುವಾಗ ಎಷ್ಟು ಬದಲಾಯಿತು. ಈ ಕೊನೆಯದನ್ನು ಹಗುರವಾಗಿ ಕಾಣಬೇಡಿ. ಒಂದು ಅಕ್ಷರದ ವ್ಯತ್ಯಾಸಕ್ಕೆ ಪಿಂಚಣಿ ನಿಂತ ಮನೆಗಳು ನಮ್ಮ ಪ್ರತಿ ಪಂಚಾಯತಿನಲ್ಲೂ ಇವೆ.

ಕಾನೂನನ್ನು ಈಗ ಕಲಿಸಿ, ಮೊದಲೇ ಅಲ್ಲ. ಕಚೇರಿಯ ಬಾಗಿಲಲ್ಲಿ ಕಾದು ಬಂದ ಮೇಲೆ ಕಲಂಗಳಿಗೆ ಜೀವ ಬರುತ್ತದೆ. ಸಂವಿಧಾನದ 350ನೆಯ ವಿಧಿಯಂತೆ, ಕುಂದುಕೊರತೆಯ ಮನವಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡುವ ಹಕ್ಕು ಎಲ್ಲರಿಗೂ ಇದೆ. 1956ರ ಏಳನೆಯ ತಿದ್ದುಪಡಿಯಲ್ಲಿ ಬಂದ 350ಎ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಬಗ್ಗೆ, 350ಬಿ ಭಾಷಾ ಅಲ್ಪಸಂಖ್ಯಾತರ ವಿಶೇಷ ಅಧಿಕಾರಿಯ ಬಗ್ಗೆ. ಅದೇ ವರ್ಷ ನವೆಂಬರ್ 1ರಂದು ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಸೇರಿತು ಎನ್ನುವುದನ್ನು ಪಕ್ಕದಲ್ಲಿ ಬರೆದರೆ ಈ ವಿಧಿಗಳು ಯಾರಿಗಾಗಿ ಎನ್ನುವುದು ತಾನಾಗಿ ತಿಳಿಯುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರ್ಕಾರದೊಡನೆ ಪತ್ರವ್ಯವಹಾರ ಮಾಡಲು ಅವಕಾಶ ಕೊಟ್ಟಿದೆ. ಪ್ರತಿ ಜೋಡಿಯೂ ಒಂದು ಮನವಿಯನ್ನು ಕನ್ನಡದಲ್ಲೇ ಬರೆಯಲು ಕುಟುಂಬಕ್ಕೆ ನೆರವಾಗಲಿ, ಸ್ವೀಕೃತಿ ರಶೀದಿ ಕೇಳಿ ಪಡೆಯಲಿ. ಗುಮಾಸ್ತರ ಮೇಲೆ ಏರಿಹೋಗುವುದು ಬೇಡ. ದೂರದ ಜಿಲ್ಲೆಯಿಂದ ವರ್ಗವಾಗಿ ಬಂದ ಗುಮಾಸ್ತರಿಗೆ ಕನ್ನಡ ಬಾರದಿರುವುದು ಅವರ ತಪ್ಪಲ್ಲ. ಕನ್ನಡ ಬಾರದವರನ್ನು ಕನ್ನಡದ ಕೌಂಟರಿನಲ್ಲಿ ಕೂರಿಸಿದವರು ಬೇರೆ. ವ್ಯಕ್ತಿಯ ಸಿಡುಕು ಮತ್ತು ವ್ಯವಸ್ಥೆಯ ಏರ್ಪಾಡು, ಇವೆರಡನ್ನೂ ಬೇರೆಬೇರೆಯಾಗಿ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು.

5. ಎರಡು ಹಾಳೆ ಜೋಡಿಸುವುದು

ಈಗ ಯಾರಿಗೂ ತೋರಿಸದೆ, ತಮಗಾಗಿ ಮಾತ್ರ ಮನೆಯ ನಕ್ಷೆಯನ್ನು ಹೊರಗೆ ತೆಗೆಯಲಿ. ಕಚೇರಿಯ ನಕ್ಷೆಯನ್ನೂ ಹಾಗೇ ಬರೆದು ಪಕ್ಕದಲ್ಲಿ ಇಡಲಿ. ತಮ್ಮ ಮನೆಯವರು ಎರಡೂ ಹಾಳೆಯಲ್ಲಿ ಎಲ್ಲಿ ನಿಂತಿದ್ದಾರೆ ಎಂದು ನೋಡಲಿ.

ಕನ್ನಡದ ಮನೆಯ ಎಷ್ಟೋ ಮಕ್ಕಳಿಗೆ ಮೊದಲ ಸಲ ಕಾಣುವುದು ಇದು: ತಾಲೂಕು ಕಚೇರಿಯಲ್ಲಿ ಅಪ್ಪ ಕೈಕಟ್ಟಿ ನಿಂತ ಭಾಷಾ ಅಲ್ಪಸಂಖ್ಯಾತ. ಸಂಜೆ ಮನೆಗೆ ಬಂದರೆ ಅದೇ ಅಪ್ಪ ಜಗಲಿಯ ಕುರ್ಚಿಯಲ್ಲಿ, ಕೆಲಸದಾಳು ಅಂಗಳದಲ್ಲಿ. ಬೆಳಿಗ್ಗೆ ತನಗಾದ ಅವಮಾನವನ್ನು ಸಂಜೆ ತಾನು ಇನ್ನೊಬ್ಬರಿಗೆ ಹಂಚುತ್ತಿರುವುದು ಆ ಅಪ್ಪನಿಗೆ ಕಾಣುವುದಿಲ್ಲ. ಮಲಯಾಳಿ ಮನೆಯ ಬೀಡಿ ಕಟ್ಟುವ ತಾಯಿಯ ಮಗಳಿಗೆ ಕಾಣುವುದು ಬೇರೆ: ಭಾಷೆಯಲ್ಲಿ ಬಹುಸಂಖ್ಯಾತೆ, ಆಸ್ಪತ್ರೆಯ ಸಾಲಿನಲ್ಲಿ ಕೊನೆಯವಳು. ಬ್ಯಾರಿ ಹುಡುಗನೊಬ್ಬ ಹೇಳಿದ್ದು ನೆನಪಿದೆ: “ಟೀಚರ್, ನಮ್ಮ ಮನೆಯಲ್ಲಿ ನಾನು ಚಾವಡಿ, ಅಕ್ಕ ಅಡುಗೆಮನೆ. ಮಂಗಳೂರಲ್ಲಿ ಬಾಡಿಗೆ ರೂಮು ಕೇಳುವಾಗ ನಾನೇ ಗೇಟಿನ ಹೊರಗೆ.”

ಒಬ್ಬರನ್ನು ಶೋಷಿತ, ಇನ್ನೊಬ್ಬರನ್ನು ಶೋಷಕ ಎಂದು ಶಾಶ್ವತವಾಗಿ ಹೆಸರಿಟ್ಟು ಕೂರಿಸುವ ತರಗತಿಯಲ್ಲಿ ಜಗಳ ಮಾತ್ರ ಉಳಿಯುತ್ತದೆ. ಹಾಗೆಂದು ಎಲ್ಲರೂ ಎಲ್ಲೋ ಒಂದು ಕಡೆ ನೊಂದವರೇ, ಲೆಕ್ಕ ಸರಿಹೋಯಿತು ಎಂದು ಸಮಾಧಾನ ಮಾಡಿಕೊಳ್ಳಲೂ ಬಿಡಬೇಡಿ. ಎರಡೂ ಹಾಳೆಯಲ್ಲಿ ಅಂಗಳದಲ್ಲೇ ನಿಂತವರು ಯಾರು ಎಂದು ಕೇಳಿ. ಎಂಟನೆಯ ಭಾಷೆಯವರ ನೆನಪಾಗುತ್ತದೆ.

ಗಡಿಯಾಚೆಯ ಕರ್ನಾಟಕ 2000ನೆಯ ಇಸವಿಯಲ್ಲಿ ಕೊರಗರನ್ನು ಕೀಳೆಂದು ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕಾಯ್ದೆ ತಂದು ನಿಷೇಧಿಸಿತು. ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ಉಣಿಸುವುದೂ ಆ ಪದ್ಧತಿಯಲ್ಲಿ ಸೇರಿತ್ತು. ಅದು ಸಾವಿರ ವರ್ಷದ ಹಿಂದಿನ ಮಾತಲ್ಲ ಎಂದು ಇಸವಿಯೇ ಹೇಳುತ್ತದೆ.

6. 1985ರಲ್ಲಿ ಹುಟ್ಟಿದವರು

ದಾನ ಯಾವುದು, ನ್ಯಾಯ ಯಾವುದು ಎಂದು ವಿವರಿಸಲು ಕಾಸರಗೋಡಿನವರು ದೂರ ಹೋಗಬೇಕಾಗಿಲ್ಲ. ಬೋರ್ಡಿನ ಮೇಲೆ ಒಂದು ಗೆರೆ ಎಳೆಯಿರಿ. ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲು ತೊಡಗಿದ್ದು 1970ರ ದಶಕದ ಕೊನೆಯ ಹೊತ್ತಿಗೆ, ನಿಂತದ್ದು 2000ದಲ್ಲಿ. ತೋಟ ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನದ್ದು. ಸುಪ್ರೀಂ ಕೋರ್ಟು ದೇಶವಿಡೀ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ಅದರಿಂದ ಕಾಯಿಲೆ, ಅಂಗವೈಕಲ್ಯಕ್ಕೆ ತುತ್ತಾದ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದದ್ದು 2017ರ ಜನವರಿಯಲ್ಲಿ. 2022ರ ಮೇಯಲ್ಲಿ ಕೋರ್ಟು ವಿಚಾರಿಸಿದಾಗ 3,704 ಮಂದಿಯಲ್ಲಿ ಹಣ ಮುಟ್ಟಿದ್ದು ಎಂಟು ಮಂದಿಗೆ, ಅದೂ ಕೋರ್ಟಿನ ಬಾಗಿಲು ತಟ್ಟಿದವರಿಗೆ.

ಈಗ 1985ರಲ್ಲಿ, ಸಿಂಪಡಣೆಗೆ ಒಳಗಾದ ಎಣ್ಮಕಜೆ ಪಂಚಾಯತಿನಲ್ಲಿ ಹುಟ್ಟಿದ ಒಬ್ಬ ಸಂತ್ರಸ್ತರನ್ನು ಕಲ್ಪಿಸಿಕೊಂಡು, ಪ್ರತಿ ಇಸವಿಯ ಕೆಳಗೆ ಅವರ ವಯಸ್ಸು ಬರೆಯಲಿ. ಸಿಂಪಡಣೆ ನಿಂತಾಗ 15. ತಡೆ ಬಂದಾಗ 26. ಆದೇಶವಾದಾಗ 32. ಲೆಕ್ಕ ಕೇಳಿದಾಗ 37. ತಾಯಿಯ ವಯಸ್ಸನ್ನು ಇನ್ನೊಂದು ಗೆರೆಯಲ್ಲಿ ಬರೆಸಿ. ಆ ತಾಯಿ ಹಾಸಿಗೆ ಹಿಡಿದರೆ ಯಾರು ನೋಡಿಕೊಳ್ಳುವುದು ಎಂಬ ಪ್ರಶ್ನೆ ಆ ಎರಡು ಗೆರೆಯ ನಡುವೆ ಇದೆ. ನಾವಿನ್ನೂ ‘ಎಂಡೋ ಮಕ್ಕಳು’ ಎನ್ನುತ್ತೇವೆ.

ಸ್ವಾತಂತ್ರ್ಯ ದಿನದಂದು ಬಡ್ಸ್ ಶಾಲೆಗೆ (ಬೌದ್ಧಿಕ ಅಂಗವೈಕಲ್ಯ ಇರುವವರಿಗಾಗಿ ಪಂಚಾಯತ್ ನಡೆಸುವ ಶಾಲೆ) ಹಣ್ಣು, ಬಿಸ್ಕತ್ತು ಹಿಡಿದುಕೊಂಡು ಹೋಗಿ ಫೋಟೊ ತೆಗೆಯುವ ಕಾರ್ಯಕ್ರಮ ನಿಮ್ಮ ವಿಭಾಗದಲ್ಲಿದ್ದರೆ ನಿಲ್ಲಿಸಿ ಎನ್ನಲಾರೆ. ಹಣ್ಣು ತಿನ್ನುವವರಿಗೆ ಬೇಡವೆನ್ನಲು ನಾನು ಯಾರು? ಕ್ಯಾಮೆರಾ ಮಾತ್ರ ಬಿಟ್ಟುಹೋಗಿ. ಬರುವಾಗ ಆ ಶಾಲೆಗೆ ವಾಹನ ಇದೆಯೇ, ಥೆರಪಿಯವರು ವಾರಕ್ಕೆ ಎಷ್ಟು ದಿನ ಬರುತ್ತಾರೆ, ಹೊಣೆ ಹೊತ್ತ ಪಂಚಾಯತ್ ಬಜೆಟಿನಲ್ಲಿ ಎಷ್ಟು ಇಟ್ಟಿದೆ ಎಂದು ಬರೆದು ತನ್ನಿ. ಮುಂದಿನ ಗ್ರಾಮಸಭೆಯಲ್ಲಿ ತಂದೆತಾಯಿ ಕೇಳಬೇಕೆಂದಿರುವ ಪ್ರಶ್ನೆಗೆ ಆ ಅಂಕಿ ಬೇಕಾದೀತು.

7. ಫೀಲ್ಡಿನಲ್ಲಿ ದುಭಾಷಿ

ಒಂದು ನಿಯಮ ಕಡ್ಡಾಯ. ತಾಯಿಯ ಕಾಯಿಲೆಯನ್ನು ಮಗುವಿನ ಬಾಯಿಂದ ಅನುವಾದ ಮಾಡಿಸಬಾರದು. ನಮ್ಮಲ್ಲಿ ಇದು ದಿನವೂ ನಡೆಯುತ್ತದೆ. ತಾಯಿಗೆ ತುಳು, ಡಾಕ್ಟರಿಗೆ ಮಲಯಾಳ, ನಡುವೆ ಏಳನೆಯ ಕ್ಲಾಸಿನ ಹುಡುಗಿ. ಮುಟ್ಟಿನ ತೊಂದರೆ, ಗಂಡನ ಹೊಡೆತ, ಸಾಯುವ ಯೋಚನೆ, ಇವೆಲ್ಲ ಆ ಹುಡುಗಿಯ ಮೂಲಕ ಹಾದುಬರಬೇಕು. ಆಶಾ ಕಾರ್ಯಕರ್ತೆಯನ್ನೋ ಮಹಿಳೆಯರ ಸ್ವಸಹಾಯ ಸಂಘಟನೆಯಾದ ಕುಟುಂಬಶ್ರೀಯ ಹಿರಿಯರನ್ನೋ ಕೇಳಬಹುದು, ಆದರೆ ತಾಯಿ ಒಪ್ಪಬೇಕು. ಪಕ್ಕದ ಮನೆಯವರಿಗೆ ಗೊತ್ತಾಗುವುದೇ ಕೆಲವರ ಭಯ.

ಪ್ರತಿ ದಿನದ ರೆಕಾರ್ಡಿನ ತಲೆಯಲ್ಲಿ ಮೂರು ಸಾಲು ಇರಲಿ: ನಾನು ಯಾವ ಭಾಷೆಯಲ್ಲಿ ಕೇಳಿದೆ, ಅವರು ಯಾವ ಭಾಷೆಯಲ್ಲಿ ಹೇಳಿದರು, ನಾನು ಯಾವ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಐ.ಸಿ. (ವಿದ್ಯಾರ್ಥಿಯೊಡನೆ ಒಬ್ಬೊಬ್ಬರಾಗಿ ಕೂತು ಫೀಲ್ಡ್ ವರ್ಕ್ ಚರ್ಚಿಸುವುದು) ಮಾಡುವಾಗ ಮೊದಲು ಈ ಮೂರು ಸಾಲು ನೋಡಿ. ಕೊರಗ ಅಜ್ಜಿ ತುಳುವಿನಲ್ಲಿ ಹೇಳಿದ್ದು ಇಂಗ್ಲಿಷಿನಲ್ಲಿ ‘ಸಹಕರಿಸಲಿಲ್ಲ’ ಎಂದಾಗಿ ಬಂದರೆ, ಎಲ್ಲಿ ಏನು ಕಳೆದುಹೋಯಿತು ಎಂದು ಹುಡುಕಲು ಆಗ ಒಂದು ದಾರಿ ಇರುತ್ತದೆ.

8. ಅಂಕ ಮತ್ತು ಕೊನೆಯ ಭೇಟಿ

ಅಂಕ ಕೊಡಲೇಬೇಕಾದರೆ ವ್ಯಾಖ್ಯೆಗಳಿಗೆ ಕೊಡಬೇಡಿ. ಕಾಗದದ ದಾರಿಯ ವರದಿಗೆ ಕೊಡಿ. ಮನೆಯ ನಕ್ಷೆಗೆ ಅಂಕವಿಲ್ಲ.

ಸೆಮಿಸ್ಟರ್ ಮುಗಿಯುವ ಮೊದಲು ಪ್ರತಿ ಜೋಡಿಯೂ ಆ ಕುಟುಂಬದ ಮನೆಗೆ ಹೋಗಿ, ತಾವು ಬರೆದದ್ದನ್ನು ಅವರ ಭಾಷೆಯಲ್ಲಿ ಓದಿ ಹೇಳಬೇಕು. ಬಾಯಿಮಾತಿನಲ್ಲಿ ತುಳುವಿಗೋ ಬ್ಯಾರಿಗೋ ತಿರುಗಿಸಿಕೊಂಡೇ ಓದಲಿ, ತಡವರಿಸಲಿ. ಹಾಗಲ್ಲ, ಹೀಗೆ ಎಂದು ಅವರು ತಿದ್ದುತ್ತಾರೆ. ಬಸ್ಸಿನ ಚಾರ್ಜು ತಪ್ಪೆನ್ನುತ್ತಾರೆ, ಅಳಿಯನ ವಿಷಯ ತೆಗೆಯಿರಿ ಎನ್ನುತ್ತಾರೆ. ಕೆಂಪು ಪೆನ್ನು ನಿಮ್ಮ ಕೈಯಿಂದ ಅವರ ಕೈಗೆ ಹೋಗಲಿ. ಬರೆಯಲು ಬಾರದವರು ಹೇಳಲಿ, ವಿದ್ಯಾರ್ಥಿಗಳು ಅಲ್ಲೇ ಹೊಡೆದುಹಾಕಿ ಬರೆಯಲಿ. ವಿಭಾಗದ ಫೈಲಿಗೆ ಆ ಗೀಚಿದ ಪ್ರತಿಯನ್ನೇ ಸೇರಿಸಿ, ಟೈಪ್ ಮಾಡಿದ ಶುದ್ಧ ಪ್ರತಿ ಕೇಳಬೇಡಿ.